ಮತದಾನದ ಅನಂತರ ತಜ್ಞನ ಮಾತು

2024ರ ಲೋಕಸಭಾ ಚುನಾವಣೆಯ ಫಲಿತಾಂಶವು ಪ್ರಕಟವಾದ ಕೆಲವು ದಿನಗಳ ಮೇಲೆ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬನು ನನ್ನನ್ನು ಕೇಳಿದನು: “ಘಟ್ಟದ ನದಿಗಳಿಂದ ಇನ್ನಷ್ಟು ವಿದ್ಯುತ್ತನ್ನು ಪಡೆಯುವುದು ಸರಿಯೆ?” “ಅದು ರಾಜಕೀಯ, ನಮ್ಮ ಪಾಠಕ್ಕೆ ಸೇರಿದುದಲ್ಲ” ಎಂದು ಹೇಳಿ ನಾನು ಮುಂದಿನ ಲೆಕ್ಕಕ್ಕೆ ಹೋದೆನು. ಆ ಲೆಕ್ಕವಾದರೋ ಎತ್ತರದಿಂದ ಬೀಳುವ ನೀರಿನ ಶಕ್ತಿಯನ್ನು ಕುರಿತದ್ದೇ ಆಗಿತ್ತು! ನನ್ನ ಉತ್ತರವು ತಪ್ಪೆಂದು ನನಗೆ ಮನವರಿಕೆಯಾಗಿದೆ.

ಚುನಾವಣೆ ಮುಗಿದೊಡನೆ ಪತ್ರಿಕೆಯವರು ವಿಶ್ವವಿದ್ಯಾನಿಲಯಗಳ ತಜ್ಞರನ್ನು ಅರಸಿಕೊಂಡು ಹೋಗುವುದುಂಟು. ಗೆದ್ದವರು ಏಕೆ ಗೆದ್ದರೆಂಬುದನ್ನು ಯಾರೂ ಹೇಳಬಲ್ಲರು. ಮತವು ಸರ್ಕಾರವನ್ನು ಬದಲಿಸಬಲ್ಲದು, ನೀರಿನ ತೂಕವನ್ನು ಬದಲಿಸಲಾರದು. ಹಾಗೆ ಬದಲಾಗದುದನ್ನು ತಿಳಿಸುವುದೇ ತಜ್ಞನ ನಿಜವಾದ ಕೆಲಸ.

ನಮ್ಮ ನೆರೆಯ ಕೇರಳದಲ್ಲಿ ಇದಕ್ಕೊಂದು ಉತ್ತಮ ನಿದರ್ಶನವಿದೆ. ಸೈಲೆಂಟ್ ವ್ಯಾಲಿಯ ಕುಂತಿ ಹೊಳೆಗೆ ಅಣೆಕಟ್ಟನ್ನು ಕಟ್ಟಿ 120 ಮೆಗಾವ್ಯಾಟ್ ಜಲವಿದ್ಯುತ್ತನ್ನು ಪಡೆಯುವ ಯೋಜನೆಗೆ 1973ರಲ್ಲಿ ಒಪ್ಪಿಗೆ ದೊರೆಯಿತು. ಸಿಂಗಳೀಕಗಳು ವಾಸಿಸುವ ಮಳೆಕಾಡಿನ ಒಂದು ಭಾಗವು ಇದರಿಂದ ಮುಳುಗಬೇಕಾಗಿತ್ತು. ಆಗ ಸಸ್ಯಶಾಸ್ತ್ರದ ಅಧ್ಯಾಪಕರಾದ ಎಂ. ಕೆ. ಪ್ರಸಾದರು ಅಲ್ಲಿ ಕಳೆದುಹೋಗುವುದೇನೆಂಬುದನ್ನು ಜನರ ಮುಂದಿಟ್ಟರು. 1979ರಲ್ಲಿ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಯೋಜನೆಯ ವಿಮರ್ಶೆಯೊಂದನ್ನು ಪ್ರಕಟಿಸಿತು. ಸಸ್ಯಶಾಸ್ತ್ರಜ್ಞರೊಡನೆ ಎಂಜಿನಿಯರರೂ ಅರ್ಥಶಾಸ್ತ್ರಜ್ಞರೂ ಅದರಲ್ಲಿ ಕೈಗೂಡಿಸಿದ್ದರು. ಕಾಡನ್ನು ಉಳಿಸಬೇಕೆಂದಷ್ಟೇ ಹೇಳಿ ಅವರು ಸುಮ್ಮನಾಗಲಿಲ್ಲ. ಮಲಬಾರಿಗೆ ಬೇಕಾದ ವಿದ್ಯುತ್ತನ್ನು ಬೇರೆ ಬಗೆಯಿಂದ ಒದಗಿಸಲಾಗದೆ ಎಂಬುದನ್ನೂ ಲೆಕ್ಕಹಾಕಿದರು.

1980ರ ಜನವರಿಯಲ್ಲಿ ಲೋಕಸಭೆಗೂ ಕೇರಳದ ವಿಧಾನಸಭೆಗೂ ಚುನಾವಣೆಗಳು ನಡೆದು ದೆಹಲಿಯಲ್ಲಿಯೂ ತಿರುವನಂತಪುರದಲ್ಲಿಯೂ ಹೊಸ ಸರ್ಕಾರಗಳು ಬಂದುವು. ಪ್ರಶ್ನೆ ಮಾತ್ರ ಹಳೆಯದೇ ಆಗಿ ಉಳಿಯಿತು. ಅದನ್ನು ಪರಿಶೀಲಿಸಿದ ಸಮಿತಿಗೆ ಅಧ್ಯಕ್ಷರಾದವರು ಎಂ. ಜಿ. ಕೆ. ಮೆನನ್, 1965ರಲ್ಲಿ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ನ್ಯೂಟ್ರಿನೋಗಳ ಸುಳಿವನ್ನು ಕಂಡ ತಂಡದ ಭೌತವಿಜ್ಞಾನಿ. ಸಮಿತಿಯು 1983ರಲ್ಲಿ ವರದಿಯನ್ನು ಕೊಟ್ಟಿತು. ಯೋಜನೆಯನ್ನು ಕೈಬಿಡಲಾಯಿತು, 1984ರಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವಾಯಿತು.

ಆದರೆ ತಜ್ಞನಿಗೂ ಎಲ್ಲೆಯುಂಟು. ಸೆಕೆಂಡಿಗೆ 1 ಘನಮೀಟರು ನೀರು 100 ಮೀಟರು ಎತ್ತರದಿಂದ ಬಿದ್ದರೆ, ನಷ್ಟವನ್ನು ಲೆಕ್ಕಿಸದಿದ್ದಲ್ಲಿ, ಸುಮಾರು 980 ಕಿಲೋವ್ಯಾಟ್ ದೊರೆಯುತ್ತದೆ. ಇದು ಭೌತಶಾಸ್ತ್ರದ ಮಾತು. ಯಾವ ಮರ, ಯಾವ ಪ್ರಾಣಿ ನಾಶವಾದೀತೆಂಬುದು ಜೀವಶಾಸ್ತ್ರದ ಮಾತು. ಇವೆರಡರಲ್ಲಿ ಯಾವುದು ಹೆಚ್ಚೆಂಬುದನ್ನು ತೂಗಬೇಕಾದವರು ಪ್ರಜೆಗಳು. ಆ ತೂಕದಲ್ಲಿ ತಜ್ಞನಿಗೆ ಇರುವುದು ಎಲ್ಲರಂತೆ ಒಂದೇ ಮತ. ತನ್ನ ಇಷ್ಟವನ್ನು ಅಳತೆಯೆಂದು ಹೇಳಿ ನಂಬಿಸುವವನು ತನ್ನ ಪದವಿಯನ್ನು ದುರುಪಯೋಗಪಡಿಸಿದಂತೆಯೇ ಸರಿ.

ಸಂಬಳ ಪಡೆಯುವ ಅಧ್ಯಾಪಕನಿಗೆ ಈ ಗೊಡವೆ ಏಕೆಂದು ಕೆಲವರು ಕೇಳಬಹುದು. ತರಗತಿಯಲ್ಲಿ ಪಕ್ಷಪ್ರಚಾರವು ಕೂಡದೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಬಲ್ಲವನ ಮೌನವು ನಿಷ್ಪಕ್ಷಪಾತವಲ್ಲ. ಅದು ಬಲಶಾಲಿಗಳ ಪಕ್ಷವನ್ನೇ ವಹಿಸುತ್ತದೆ. ನಮ್ಮ ಪ್ರಯೋಗಶಾಲೆಗಳನ್ನು ಕಟ್ಟಿರುವುದು ಗೆದ್ದವರಿಗೂ ಸೋತವರಿಗೂ ಮತವಿತ್ತ ಜನರ ಹಣದಿಂದ. ಅಲ್ಲಿ ಕಲಿತುದು ಅವರೆಲ್ಲರಿಗೂ ಸಲ್ಲಬೇಕಾದ ಋಣ.

ವಿದ್ಯಾರ್ಥಿ ಮಿತ್ರರೇ, ಮುಂದೆ ತಜ್ಞನೊಬ್ಬನ ಮಾತನ್ನು ಕೇಳುವಾಗ ಮೂರು ಪ್ರಶ್ನೆಗಳನ್ನು ಹಾಕಿರಿ. ಇದು ನಿಮಗೆ ಹೇಗೆ ತಿಳಿಯಿತು? ನಿಮ್ಮ ಲೆಕ್ಕದಲ್ಲಿ ಎಷ್ಟು ತಪ್ಪು ಇರಬಹುದು? ಎದುರು ಪಕ್ಷವು ಗೆದ್ದಿದ್ದರೂ ಇದನ್ನೇ ಹೇಳುತ್ತಿದ್ದಿರಾ? ಇವುಗಳಿಗೆ ಅಂಜದವನ ಮಾತನ್ನು ಗಮನವಿಟ್ಟು ಕೇಳಬಹುದು. ಅಂದು ನಾನು ಉತ್ತರಿಸದೆ ಬಿಟ್ಟ ಆ ವಿದ್ಯಾರ್ಥಿಯೂ ಈ ಪ್ರಶ್ನೆಗಳನ್ನು ಮೊದಲು ನನಗೇ ಹಾಕಲಿ. ಈ ಸಲ ನಾನು ಮುಂದಿನ ಲೆಕ್ಕಕ್ಕೆ ಹೋಗುವುದಿಲ್ಲ.