ಬಂದೂಕಿಗೂ ಒಂದು ಪಾಸ್‌ಪೋರ್ಟ್ ಬೇಕು

2012ರ ಆಗಸ್ಟ್ 3ರಂದು ಲಂಡನ್ನಿನ ರಾಯಲ್ ಆರ್ಟಿಲರಿ ಬ್ಯಾರಕ್ಸ್‌ನಲ್ಲಿ ನಮ್ಮ ಸೇನೆಯ ಸುಬೇದಾರ್ ವಿಜಯ್ ಕುಮಾರ್ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಒಲಿಂಪಿಕ್ ಬೆಳ್ಳಿ ಗೆದ್ದರು. ಅವರ ಕೈಯಲ್ಲಿದ್ದಂಥ ಪಿಸ್ತೂಲನ್ನು ಅದೇ ಊರಿನ ಸಾಮಾನ್ಯ ಪ್ರಜೆ ಮನೆಯಲ್ಲಿಟ್ಟುಕೊಂಡರೆ ಜೈಲು ಸೇರಬೇಕಿತ್ತು. 1996ರ ಮಾರ್ಚ್‌ನಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಗೆ ನುಗ್ಗಿದ ಒಬ್ಬಾತ, ಲೈಸೆನ್ಸ್ ಪಡೆದೇ ಇಟ್ಟುಕೊಂಡಿದ್ದ ಪಿಸ್ತೂಲುಗಳಿಂದ 16 ಮಕ್ಕಳನ್ನೂ ಅವರ ಶಿಕ್ಷಕಿಯನ್ನೂ ಕೊಂದಿದ್ದ. ಮರುವರ್ಷವೇ ಬ್ರಿಟನ್ ಎರಡು ಕಾಯ್ದೆಗಳ ಮೂಲಕ ತನ್ನ ಮುಖ್ಯ ಭೂಭಾಗದಲ್ಲಿ ಹೆಚ್ಚುಕಡಿಮೆ ಎಲ್ಲ ಕೈಬಂದೂಕುಗಳನ್ನೂ ಖಾಸಗಿ ಜನರ ಕೈಯಿಂದ ಕಿತ್ತುಕೊಂಡಿತು. ಆ ದೇಶದ ಪಿಸ್ತೂಲ್ ಪಟುಗಳು ಅಭ್ಯಾಸಕ್ಕೆಂದು ಹೊರದೇಶಗಳಿಗೆ ಅಲೆಯಬೇಕಾಯಿತು. ಇಷ್ಟು ಕಟ್ಟುನಿಟ್ಟಿನ ನಾಡೇ 2002ರ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಕೂಟಕ್ಕೂ 2012ರ ಒಲಿಂಪಿಕ್ಸ್‌ಗೂ ಹೊರದೇಶಗಳ ಪಿಸ್ತೂಲುಗಳನ್ನು ಒಳಗೆ ಬಿಟ್ಟುಕೊಂಡಿತು, ಆಟ ಮುಗಿದ ಮೇಲೆ ಹೊರಗೆ ಕಳಿಸಿತು. ಬಂದೂಕಿನ ಮೇಲಿನ ಬಿಗಿ ಹಿಡಿತವೂ ಕ್ರೀಡಾಪಟುವಿನ ಸುಗಮ ಪಯಣವೂ ಒಂದಕ್ಕೊಂದು ಶತ್ರುಗಳಲ್ಲ ಎನ್ನಲು ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ. ನಮ್ಮಲ್ಲಿ ಮಾತ್ರ ಇವೆರಡನ್ನೂ ಎದುರಾಳಿಗಳೆಂದೇ ನೋಡುವ ಚಾಳಿ ಬೆಳೆದಿದೆ.

ಬ್ರಿಟನ್ ಇದನ್ನು ಸಾಧಿಸಿದ್ದು ಔದಾರ್ಯದಿಂದಲ್ಲ, ಮುಂಚಿತವಾಗಿ ಲೆಕ್ಕ ಇಡುವುದರಿಂದ. ಅಲ್ಲಿಗೆ ರೈಫಲ್ ಅಥವಾ ಶಾಟ್‌ಗನ್ ಒಯ್ಯುವ ವಿದೇಶಿಗೆ ಸಂದರ್ಶಕರ ಪರ್ಮಿಟ್ ಬೇಕು. ಅದಕ್ಕೆ ಅರ್ಜಿ ಹಾಕುವವರು ಆ ದೇಶದಲ್ಲೇ ನೆಲೆಸಿರುವ ಪ್ರಾಯೋಜಕರು. ಅರ್ಜಿ ಹೋಗುವುದು ಅಲ್ಲಿನ ಪೊಲೀಸರಿಗೆ. ಯಾವ ಬಂದೂಕು, ಯಾವ ಕ್ಯಾಲಿಬರ್, ಎಷ್ಟನೇ ನಂಬರು, ಯಾಕೆ ಬರುತ್ತಿದೆ ಎಂಬುದೆಲ್ಲ ವಿಮಾನ ಹೊರಡುವ ಮೊದಲೇ ಇತ್ಯರ್ಥವಾಗಿರುತ್ತದೆ. ಹೀಗಾಗಿ ನಿಲ್ದಾಣದಲ್ಲಿ ಉಳಿಯುವುದು ಪೆಟ್ಟಿಗೆ ತೆರೆದು ನಂಬರು ತಾಳೆ ನೋಡುವ ಕೆಲಸವೊಂದೇ. ಐರೋಪ್ಯ ಒಕ್ಕೂಟ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 1991ರ ನಿರ್ದೇಶನದಲ್ಲೇ ಬಂದೂಕಿಗೊಂದು ಪಾಸ್ ರೂಪಿಸಿತು. 2021ರಲ್ಲಿ ಆ ನಿರ್ದೇಶನವನ್ನು ಹೊಸದಾಗಿ ಬರೆದಾಗಲೂ ಪಾಸನ್ನು ಉಳಿಸಿಕೊಂಡಿತು. ಅದು ಒಡೆಯನ ಹೆಸರಿನಲ್ಲಿರುತ್ತದೆ, ಅವನ ಬಂದೂಕುಗಳೆಲ್ಲ ಅದರಲ್ಲಿ ನಮೂದಾಗಿರುತ್ತವೆ, ಹೆಚ್ಚೆಂದರೆ ಐದು ವರ್ಷ ಊರ್ಜಿತ, ಬೇಕಾದರೆ ನವೀಕರಣ. ಸ್ಪರ್ಧೆಯ ಆಹ್ವಾನ ಪತ್ರ ಅಥವಾ ಅಂಥದ್ದೇ ಒಂದು ಆಧಾರವನ್ನು ಜೊತೆಗಿಟ್ಟುಕೊಂಡರೆ ಕ್ರೀಡಾ ಶೂಟರ್ ಒಕ್ಕೂಟದೊಳಗಿನ ಗಡಿ ದಾಟಬಹುದು. ಒಕ್ಕೂಟದಿಂದ ಹೊರಬಿದ್ದ ಬ್ರಿಟನ್ನಿನ ಶೂಟರ್‌ಗಳಿಗೆ ಈಗ ಆ ಸೌಲಭ್ಯವಿಲ್ಲ, ದೇಶದೇಶಕ್ಕೂ ಬೇರೆ ಬೇರೆ ಪರವಾನಗಿ ಹುಡುಕಬೇಕು. ಬಂದೂಕು ಸಾಗಾಟದ ವಿರುದ್ಧವೇ ವಿಶ್ವಸಂಸ್ಥೆ 2001ರಲ್ಲಿ ರೂಪಿಸಿದ ಪ್ರೋಟೊಕಾಲ್ ಕೂಡ, ಬೇಟೆ ಮತ್ತು ಕ್ರೀಡೆಯಂಥ ಖಚಿತಪಡಿಸಿಕೊಳ್ಳಬಹುದಾದ ಉದ್ದೇಶಕ್ಕೆ ತಾತ್ಕಾಲಿಕವಾಗಿ ಗಡಿ ದಾಟುವ ಬಂದೂಕಿಗೆ ಸರಳ ವಿಧಾನ ಅನುಸರಿಸಲು ದೇಶಗಳಿಗೆ ಅವಕಾಶ ಕೊಟ್ಟಿದೆ.

ಇಲ್ಲೊಂದು ಪ್ರಶ್ನೆ ಸಹಜವಾಗಿ ಏಳುತ್ತದೆ. ಇಷ್ಟೆಲ್ಲ ರಗಳೆ ಯಾಕೆ, ಸ್ಪರ್ಧೆ ನಡೆಯುವ ಊರಿನಲ್ಲೇ ಬಂದೂಕು ಬಾಡಿಗೆಗೆ ಪಡೆದರೆ ಆಗದೇ? ಶೂಟಿಂಗ್ ಅಂಗಳವನ್ನು ದೂರದಿಂದ ಕಂಡವರ ಪ್ರಶ್ನೆ ಇದು. 10 ಮೀಟರ್ ಏರ್ ರೈಫಲ್ ಗುರಿಹಲಗೆಯಲ್ಲಿ ಹತ್ತರ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್. ಅದರೊಳಗೂ ದಶಾಂಶಗಳಲ್ಲಿ ಅಂಕ ಎಣಿಸುತ್ತಾರೆ, 10.4ಕ್ಕೂ 10.6ಕ್ಕೂ ನಡುವೆ ಪದಕ ಕೈತಪ್ಪುತ್ತದೆ. ರೈಫಲಿನ ಹಿಂಬದಿ ಭುಜಕ್ಕೂ ಕೆನ್ನೆಗೂ ಕೂರುವಂತೆ, ಪಿಸ್ತೂಲಿನ ಹಿಡಿ ಒಬ್ಬರದೇ ಅಂಗೈಗೆ ಒಪ್ಪುವಂತೆ ಮರ ಕೆತ್ತಿ ಹೊಂದಿಸಿದ್ದಿರುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್ ಫೈನಲ್‌ಗೆ ಮುಂಚೆ ಅಭಿನವ್ ಬಿಂದ್ರಾ ಅವರ ರೈಫಲಿನ ಸೈಟ್ ಯಾಕೋ ಕದಲಿತ್ತು, ಅಭ್ಯಾಸದ ಗುಂಡು ನಾಲ್ಕರ ಆಸುಪಾಸಿಗೆ ಹೋಗಿ ಬಿತ್ತು. ತಮ್ಮ ಬಂದೂಕಿನ ನರನಾಡಿ ಬಲ್ಲವರಾದ್ದರಿಂದ ಕೆಲವೇ ನಿಮಿಷಗಳಲ್ಲಿ ಸರಿಪಡಿಸಿಕೊಂಡು ದೇಶದ ಮೊದಲ ವೈಯಕ್ತಿಕ ಚಿನ್ನ ತಂದರು. ಟೋಕಿಯೊದಲ್ಲಿ ಮನು ಭಾಕರ್ ಅವರ ಪಿಸ್ತೂಲು ಅರ್ಹತಾ ಸುತ್ತಿನ ನಡುವೆಯೇ ಕೈಕೊಟ್ಟಿತು. ದುರಸ್ತಿಗೆ ಹೋದ ಆ ನಿಮಿಷಗಳು ಫೈನಲ್ ತಪ್ಪಿಸಿದವು. ಹೀಗಿರುವಾಗ ಎರವಲು ಬಂದೂಕು ಎನ್ನುವುದು ಸ್ಪರ್ಧೆಗೆ ಹೋಗಬೇಡಿ ಎಂದು ಸಭ್ಯವಾಗಿ ಹೇಳಿದಂತೆ.

ಗುಂಡುಗಳ ವಿಷಯದಲ್ಲಿ ಮಾತ್ರ ಆ ಪ್ರಶ್ನೆಗೆ ಅರ್ಧ ಬೆಲೆಯಿದೆ. ಅಂತರರಾಷ್ಟ್ರೀಯ ವಾಯುಯಾನ ನಿಯಮದಂತೆ ಒಬ್ಬ ಪ್ರಯಾಣಿಕ ಸ್ವಂತ ಬಳಕೆಗೆ ಒಯ್ಯಬಹುದಾದ ತೋಟಾ, ಪೆಟ್ಟಿಗೆಯ ತೂಕವೂ ಸೇರಿ, 5 ಕಿಲೋ. ಇಬ್ಬರ ಪಾಲನ್ನು ಒಂದೇ ಪೆಟ್ಟಿಗೆಯಲ್ಲಿ ತುಂಬುವಂತಿಲ್ಲ. .22 ರೈಫಲಿನವರಿಗೆ ಇದು ಸಾವಿರ ಗುಂಡು ಮೀರಿ ಸಿಗುತ್ತದೆ, ತೊಂದರೆಯಿಲ್ಲ. ಟ್ರ್ಯಾಪ್ ಶೂಟರ್‌ಗೆ ಸುಮಾರು 125 ತೋಟಾ ಸಿಗಬಹುದು. ಅರ್ಹತಾ ಸುತ್ತಿನಲ್ಲಿ ಹಾರುವ ಬಿಲ್ಲೆಗಳೇ 125, ಒಂದೊಂದಕ್ಕೂ ಎರಡು ಗುಂಡಿನ ಅವಕಾಶ. ಹಾಗಾಗಿ ಶಾಟ್‌ಗನ್ ತೋಟಾಗಳನ್ನು ಆತಿಥೇಯರ ಊರಿನಲ್ಲೇ ಕೊಳ್ಳುವುದು ವಾಡಿಕೆ.

ಇನ್ನು ನಮ್ಮ ಕಾಯ್ದೆಗೆ ಬರೋಣ. 1959ರ ಶಸ್ತ್ರಾಸ್ತ್ರ ಕಾಯ್ದೆಯ 10ನೇ ಸೆಕ್ಷನ್ ಓದಿದವರಿಗೆ ಅಚ್ಚರಿಯಾದೀತು. ಬಂದೂಕನ್ನು ದೇಶದ ಒಳಗೆ ತರಲು, ಹೊರಗೆ ಒಯ್ಯಲು ಲೈಸೆನ್ಸ್ ಬೇಕು ಎನ್ನುವ ಅದೇ ಸೆಕ್ಷನ್, ಕಾನೂನುಬದ್ಧವಾಗಿ ಬಂದೂಕು ಹೊಂದಿರುವವರು ಸ್ವಂತ ಬಳಕೆಗೆ, ಸಮಂಜಸ ಪ್ರಮಾಣದಲ್ಲಿ, ಪ್ರತ್ಯೇಕ ಲೈಸೆನ್ಸ್ ಇಲ್ಲದೆಯೇ ಅದನ್ನು ಒಯ್ಯಬಹುದು, ತರಬಹುದು ಎಂದೂ ಹೇಳುತ್ತದೆ. ಶಾಸನ ಬರೆದವರು ಇಲ್ಲಿ ಜಿಪುಣರಾಗಿರಲಿಲ್ಲ. ಆದರೆ ಅದರ ಬೆನ್ನಿಗೇ ಇನ್ನೊಂದು ಉಪವಾಕ್ಯವಿದೆ: ಬಳಕೆಯ ಬಗ್ಗೆಯೋ ಪ್ರಮಾಣದ ಬಗ್ಗೆಯೋ ಕಸ್ಟಮ್ಸ್ ಆಯುಕ್ತರಿಗೆ ಅನುಮಾನ ಬಂದರೆ ಕೇಂದ್ರ ಸರ್ಕಾರದ ಆದೇಶ ಬರುವವರೆಗೆ ಬಂದೂಕನ್ನು ತಡೆಹಿಡಿಯಬಹುದು. ಅನುಮಾನದ ಅಧಿಕಾರ ಇರಲೇಬೇಕು, ಅದರಲ್ಲಿ ತಕರಾರಿಲ್ಲ. ತಕರಾರಿರುವುದು ಆ ಅನುಮಾನ ಹುಟ್ಟುವ ಜಾಗ ಮತ್ತು ಹೊತ್ತಿನ ಬಗ್ಗೆ. ಹದಿನೈದು ದಿನ ಮೊದಲೇ ಕಚೇರಿಯಲ್ಲಿ ಕೂತು ಪಡಬೇಕಾದ ಅನುಮಾನವನ್ನು ನಾವು ನಡುರಾತ್ರಿ ಇಳಿದ ವಿಮಾನದ ಸಾಮಾನು ಪಟ್ಟಿಯ ಪಕ್ಕದಲ್ಲಿ ಪಡುತ್ತೇವೆ. 2017ರ ಮೇ ತಿಂಗಳಲ್ಲಿ ಜೆಕ್ ಗಣರಾಜ್ಯದ ಕೂಟ ಮುಗಿಸಿ ಬಂದ ಭಾರತದ ಶೂಟರ್‌ಗಳು ದೆಹಲಿ ನಿಲ್ದಾಣದಲ್ಲಿ ತಮ್ಮ ಬಂದೂಕುಗಳಿಗಾಗಿ ಹತ್ತು ಗಂಟೆಗೂ ಹೆಚ್ಚು ಕಾಯಬೇಕಾಯಿತು. ದೇಶದ ತಂಡವಾಗಿ ಹೋಗಿ ಬಂದವರು ಅವರು. ಹೊರಡುವಾಗ ಇಲ್ಲದ ಅನುಮಾನ ಮರಳುವಾಗ ಎಲ್ಲಿಂದ ಬಂತು?

ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ, ಅದನ್ನು ಮುಚ್ಚಿಡುವುದು ನ್ಯಾಯವೂ ಅಲ್ಲ. ಅದಕ್ಕೆ ಕೆಲವೇ ದಿನ ಮೊದಲು, 2017ರ ಏಪ್ರಿಲ್ ಕೊನೆಯಲ್ಲಿ, ಕಂದಾಯ ಗುಪ್ತಚರ ನಿರ್ದೇಶನಾಲಯದ (ಡಿಆರ್‌ಐ) ಅಧಿಕಾರಿಗಳು ಬಂದೂಕು ಕಳ್ಳಸಾಗಣೆಯ ಜಾಡು ಹಿಡಿದು ಮೀರತ್‌ನಲ್ಲಿ ರಾಷ್ಟ್ರಮಟ್ಟದ ಶೂಟರ್ ಒಬ್ಬರ ಮನೆಯನ್ನು ಶೋಧಿಸಿ ಹತ್ತಾರು ಬಂದೂಕು, ಸಾವಿರಾರು ತೋಟಾ ವಶಪಡಿಸಿಕೊಂಡಿದ್ದರು. ಹೆಸರಾಂತ ಶೂಟರ್‌ಗಳಿಗೆ ಸರ್ಕಾರ ಕೊಟ್ಟಿರುವ ಆಮದು ರಿಯಾಯಿತಿ ಕಳ್ಳಸಾಗಣೆಯ ಹೆಬ್ಬಾಗಿಲಾಗಿದೆ ಎಂಬ ಆರೋಪ ಆಗ ಎದ್ದಿತು. ಸಡಿಲ ಬಿಟ್ಟರೆ ಹೀಗೇ ಆಗುತ್ತದೆ ಎನ್ನುವವರ ಕೈಯಲ್ಲಿರುವ ಅತಿ ಗಟ್ಟಿ ಸಾಕ್ಷ್ಯ ಇದೇ. ಅದಕ್ಕೆ ಉತ್ತರ ಕೊಡದೆ ಯಾವ ಸುಧಾರಣೆಯನ್ನೂ ಕೇಳುವಂತಿಲ್ಲ. ನನ್ನ ಉತ್ತರ ಇಷ್ಟು: ಆಮದಿನ ದುರ್ಬಳಕೆ ಬೇರೆ, ಸ್ಪರ್ಧೆಯ ಪಯಣ ಬೇರೆ. ಮೊದಲನೆಯದರಲ್ಲಿ ಹೊಸ ಬಂದೂಕು ಒಳಗೆ ಬಂದು ಇಲ್ಲೇ ಉಳಿಯುತ್ತದೆ, ಕೈ ಬದಲಿಸುತ್ತದೆ. ಎರಡನೆಯದರಲ್ಲಿ ಇಲ್ಲಿಂದ ಹೋದ ಬಂದೂಕೇ ಮರಳಿ ಬರಬೇಕು. ಹೋದ ನಂಬರು ಬಂದಿದೆಯೇ, ಹೋಗದ ನಂಬರು ಬಂದಿದೆಯೇ ಎಂದು ನೋಡಿದರೆ ಮುಗಿಯಿತು. ಬಂದೂಕಿನ ಇಡೀ ವ್ಯವಹಾರದಲ್ಲಿ ಇದರಷ್ಟು ಸುಲಭವಾಗಿ ಲೆಕ್ಕಕ್ಕೆ ಸಿಗುವ ಭಾಗ ಮತ್ತೊಂದಿಲ್ಲ. ಕಳ್ಳಸಾಗಣೆಯ ಜಾಲ ಬಯಲಾದದ್ದು ತನಿಖೆಯಿಂದ. ಒಂದು ತಂಡವನ್ನು ರಾತ್ರಿಯಿಡೀ ಕುರ್ಚಿಯಲ್ಲಿ ಕೂರಿಸಿದ್ದರಿಂದ ಯಾವ ಜಾಲವೂ ಬಯಲಾಗಲಿಲ್ಲ.

ಲೆಕ್ಕ ಇಡುವ ಸಾಮಗ್ರಿ ನಮ್ಮಲ್ಲಿಲ್ಲವೇ ಎಂದರೆ, ಇದೆ. ದೇಶದ ಬಂದೂಕು ಲೈಸೆನ್ಸುಗಳಿಗೆಲ್ಲ ರಾಷ್ಟ್ರೀಯ ದತ್ತಾಂಶ ಕೋಶವಿದೆ, ಪ್ರತಿ ಲೈಸೆನ್ಸಿಗೂ ವಿಶಿಷ್ಟ ಸಂಖ್ಯೆ ಕಡ್ಡಾಯ. ಹೊರಡುವಾಗ ಕಸ್ಟಮ್ಸ್ ಬಂದೂಕಿನ ವಿವರ ಬರೆದು ಪ್ರಮಾಣಪತ್ರ ಕೊಡುವ ಪದ್ಧತಿಯೂ ಇದೆ, ಮರಳುವಾಗ ಸುಂಕ ಬೀಳದಿರಲೆಂದು. ರಾಷ್ಟ್ರೀಯ ರೈಫಲ್ ಸಂಸ್ಥೆಯ ಬಳಿ ಸ್ಪರ್ಧಿಗಳ ಪಟ್ಟಿ ಇರುತ್ತದೆ. ಒಂದು ಗೃಹ ಸಚಿವಾಲಯದ್ದು, ಇನ್ನೊಂದು ಹಣಕಾಸಿನವರದ್ದು, ಮತ್ತೊಂದು ಕ್ರೀಡೆಯವರದ್ದು. ಒಂದರ ಮುಖ ಇನ್ನೊಂದು ನೋಡುವುದಿಲ್ಲ. ಐರೋಪ್ಯ ಪಾಸಿನ ಮಾದರಿಯಲ್ಲಿ ಈ ಮೂರನ್ನೂ ಒಂದೇ ದಾಖಲೆಗೆ ತಂದು, ಸ್ಪರ್ಧೆಗೆ ಮುನ್ನ ಮಂಜೂರಾತಿ ಕೊಟ್ಟು, ನಿಲ್ದಾಣದಲ್ಲಿ ನಂಬರು ಮಾತ್ರ ಪರಿಶೀಲಿಸುವಂತಾಗಬೇಕು. ನಿಗದಿತ ದಿನದೊಳಗೆ ಮರಳದ ಬಂದೂಕಿನ ಬಗ್ಗೆ ಆ ವ್ಯವಸ್ಥೆಯೇ ಪೊಲೀಸರಿಗೆ ಎಚ್ಚರಿಕೆ ಕಳಿಸಬೇಕು. ಇಂದಿನ ಕಾಗದದ ಪದ್ಧತಿಗಿಂತ ಇದು ಹೆಚ್ಚು ಬಿಗಿ, ಕಡಿಮೆ ಅಲ್ಲ.

ಏರ್ ಗನ್ ವಿಷಯದಲ್ಲಿ ಇನ್ನೊಂದು ಗೋಜಲಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ಕ್ಯಾಲಿಬರ್ ಹಾಗೂ 20 ಜೂಲ್ ಶಕ್ತಿ ಮೀರದ ಏರ್ ಗನ್‌ಗೆ ಲೈಸೆನ್ಸ್ ಬೇಕಿಲ್ಲ, ಒಲಿಂಪಿಕ್ಸ್‌ನ ಏರ್ ರೈಫಲ್, ಏರ್ ಪಿಸ್ತೂಲ್ ಎರಡೂ ಈ ಮಿತಿಯೊಳಗೇ ಬರುತ್ತವೆ. ಬೆಂಗಳೂರಿನಲ್ಲಿ ಲೈಸೆನ್ಸ್ ಕೇಳದ ಅದೇ ಸಾಧನಕ್ಕೆ ಜಪಾನಿನಲ್ಲಿ ಅನುಮತಿ ಬೇಕು. ಇಂಗ್ಲೆಂಡಿನಲ್ಲಿ ಬೇಡ, ಗಡಿ ದಾಟಿ ಸ್ಕಾಟ್ಲೆಂಡಿಗೆ ಹೋದರೆ, 2016ರ ಕೊನೆಯ ದಿನದಿಂದ ಜಾರಿಯಲ್ಲಿರುವ ನಿಯಮದಂತೆ, ಬೇಕು. ಇಲ್ಲಿ ಲೈಸೆನ್ಸ್ ಇಲ್ಲದಿರುವುದೇ ಅಲ್ಲಿ ಸಮಸ್ಯೆ: ಇದು ನನ್ನದು ಎಂದು ತೋರಿಸಲು ಸರ್ಕಾರದ ಮೊಹರಿರುವ ಕಾಗದವೇ ಇರುವುದಿಲ್ಲ. ಆದ್ದರಿಂದ ಪಾಸ್ ಎನ್ನುವುದು ಲೈಸೆನ್ಸಿನ ಬಾಲವಾಗಬಾರದು. ಏರ್ ಗನ್ ಇಟ್ಟುಕೊಂಡವರೂ ಇಷ್ಟಪಟ್ಟರೆ ಅದರಲ್ಲಿ ನೋಂದಾಯಿಸಿಕೊಳ್ಳುವಂತಿರಬೇಕು. ಕರ್ನಾಟಕಕ್ಕೆ ಇದು ದೂರದ ಮಾತಲ್ಲ. 2022ರಲ್ಲಿ ಫ್ರಾನ್ಸ್‌ನ ಶಾಟೊರೂನಲ್ಲಿ ಪ್ಯಾರಾ ವಿಶ್ವಕಪ್ ಚಿನ್ನ ಗೆದ್ದ ಹುಬ್ಬಳ್ಳಿಯ ಶ್ರೀಹರ್ಷ ದೇವರೆಡ್ಡಿ, 2023ರಲ್ಲಿ ಬಾಕು ವಿಶ್ವಕಪ್‌ನ ಮಿಶ್ರ ತಂಡ ಸ್ಪರ್ಧೆಯಲ್ಲಿ ಚಿನ್ನ ತಂದ ಬೆಂಗಳೂರಿನ ದಿವ್ಯಾ ಟಿ.ಎಸ್. ಇಬ್ಬರೂ ಏರ್ ಗನ್ ಸ್ಪರ್ಧಿಗಳು. ಶ್ರೀಹರ್ಷ ಸ್ಪರ್ಧಿಸುವ ವಿಭಾಗದಲ್ಲಿ ರೈಫಲನ್ನು ಸ್ಪ್ರಿಂಗ್ ಸ್ಟ್ಯಾಂಡಿನ ಮೇಲಿಟ್ಟು ಹೊಡೆಯುತ್ತಾರೆ. ಬಂದೂಕು, ಸ್ಟ್ಯಾಂಡು, ಖಾಲಿ ಮಾಡಿದ ಗಾಳಿ ಸಿಲಿಂಡರ್, ಇವೆಲ್ಲದರ ವಿವರಣೆಯನ್ನು ಒಂದೊಂದು ಕೌಂಟರಿನಲ್ಲೂ ಮೊದಲಿಂದ ಶುರುಮಾಡಬೇಕಾದ ಅಂಗವಿಕಲ ಕ್ರೀಡಾಪಟುವಿನ ಪಾಡನ್ನು ನಿಯಮ ಬರೆಯುವವರು ಒಮ್ಮೆ ಯೋಚಿಸಲಿ.

ಬೆರಳೆಣಿಕೆಯ ಜನರಿಗಾಗಿ, ಅದೂ ದುಬಾರಿ ಆಟವೊಂದಕ್ಕಾಗಿ, ಇಷ್ಟು ಏರ್ಪಾಡು ಬೇಕೇ ಎಂಬ ಗೊಣಗಾಟವೂ ಕೇಳಿಬರುತ್ತದೆ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತ ಗೆದ್ದ ಆರು ಪದಕಗಳಲ್ಲಿ ಮೂರು ಶೂಟಿಂಗಿನವು ಎಂದು ಹೇಳಿ ಬಾಯಿ ಮುಚ್ಚಿಸಬಹುದು, ಆದರೆ ಅದು ಪೂರ್ತಿ ಉತ್ತರವಲ್ಲ. ಹೆಸರು ಮಾಡಿದವರಿಗೆ ಈಗಲೂ ದಾರಿ ಸಿಗುತ್ತದೆ. 2021ರ ಫೆಬ್ರುವರಿಯಲ್ಲಿ ದೆಹಲಿಯಿಂದ ಭೋಪಾಲಕ್ಕೆ, ಅಂದರೆ ದೇಶದೊಳಗೇ, ಹೊರಟಿದ್ದ ಮನು ಭಾಕರ್ ಅವರನ್ನು ಬಂದೂಕಿನ ನೆಪದಲ್ಲಿ ತಡೆದಾಗ ಅವರು ಟ್ವೀಟ್ ಮಾಡಿದರು, ಅಂದಿನ ಕ್ರೀಡಾ ಸಚಿವರು ಮಧ್ಯೆ ಬಂದರು, ಮನು ವಿಮಾನ ಏರಿದರು. ಜಿಲ್ಲಾ ಮಟ್ಟದಿಂದ ಮೇಲೆದ್ದು ಸ್ವಂತ ಖರ್ಚಿನಲ್ಲಿ ಮೊದಲ ವಿದೇಶಿ ಕೂಟಕ್ಕೆ ಹೊರಟ ಹುಡುಗಿಗೆ ಯಾವ ಸಚಿವರ ಫೋನ್ ನಂಬರಿದೆ? ಪ್ರಭಾವದಿಂದ ತೆರೆಯುವ ಬಾಗಿಲು ದುಡ್ಡಿದ್ದವರಿಗೇ ಮೊದಲು ತೆರೆಯುತ್ತದೆ. ಆಟ ದುಬಾರಿ ಎಂಬ ಆಕ್ಷೇಪ ನಿಜಕ್ಕೂ ಬೆರಳು ಮಾಡುವುದು ಲಿಖಿತ, ಸಮಾನ ವಿಧಾನವೊಂದರ ಅಗತ್ಯದ ಕಡೆಗೇ.

ನಾವು ಆತಿಥೇಯರೂ ಹೌದೆಂಬುದನ್ನು ಮರೆಯುವಂತಿಲ್ಲ. ದೆಹಲಿಯ ಕರ್ಣಿ ಸಿಂಗ್ ರೇಂಜಿಗೆ ವಿಶ್ವಕಪ್ಪಿನ ನೆಪದಲ್ಲಿ ಹೊರದೇಶದ ಬಂದೂಕುಗಳು ಮತ್ತೆ ಮತ್ತೆ ಬಂದು ಹೋಗಿವೆ. 2019ರಲ್ಲಿ, ಪುಲ್ವಾಮಾ ದಾಳಿಯ ಬೆನ್ನಿಗೆ, ಪಾಕಿಸ್ತಾನದ ಶೂಟರ್‌ಗಳಿಗೆ ವೀಸಾ ಸಿಗದಿದ್ದಾಗ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಅವರು ಭಾಗವಹಿಸಬೇಕಿದ್ದ ಸ್ಪರ್ಧೆಯ ಒಲಿಂಪಿಕ್ ಅರ್ಹತಾ ಸ್ಥಾನಗಳನ್ನು ಹಿಂಪಡೆದಿತ್ತು, ಕೂಟಗಳ ಆತಿಥ್ಯದ ಬಗ್ಗೆ ಭಾರತದೊಂದಿಗಿನ ಮಾತುಕತೆಯನ್ನೂ ತಡೆಹಿಡಿದಿತ್ತು. ಆ ನಿರ್ಧಾರದ ಸರಿತಪ್ಪು ಬೇರೆ ಚರ್ಚೆ. 2030ರ ಕಾಮನ್‌ವೆಲ್ತ್ ಕೂಟ ಅಹಮದಾಬಾದಿಗೆ ಸಿಕ್ಕಿದೆ, ಒಲಿಂಪಿಕ್ಸ್ ಆತಿಥ್ಯದ ಆಸೆಯೂ ನಮಗಿದೆ. ಅಂಥ ದೇಶದ ವಿಮಾನ ನಿಲ್ದಾಣದಲ್ಲಿ ಬಂದೂಕಿನ ಪೆಟ್ಟಿಗೆ ತೆರೆದಾಗ ಯಾವ ಅಧಿಕಾರಿ ಕರ್ತವ್ಯದಲ್ಲಿದ್ದಾರೆ ಎಂಬುದರ ಮೇಲೆ ತೀರ್ಮಾನ ನಿಲ್ಲಬಾರದು. ಇದಕ್ಕೆ ಸಂಸತ್ತು ಹೊಸ ಕಾಯ್ದೆ ಮಾಡಬೇಕಿಲ್ಲ, 10ನೇ ಸೆಕ್ಷನ್ ಕೊಟ್ಟಿರುವ ಅವಕಾಶವೇ ಸಾಕಷ್ಟು ಅಗಲವಾಗಿದೆ. ಗೃಹ ಸಚಿವಾಲಯ, ಕಸ್ಟಮ್ಸ್ ಮಂಡಳಿ, ಕ್ರೀಡಾ ಸಚಿವಾಲಯ ಒಂದೇ ಮೇಜಿಗೆ ಬಂದು ಕೂತು, ಬಂದೂಕಿನ ಪಾಸಿನ ನಿಯಮಗಳನ್ನು ಬರೆದು, ಮುಂದಿನ ತಂಡ ವಿಮಾನ ಹತ್ತುವ ಮೊದಲು ಪ್ರಕಟಿಸಲಿ.