ಗಾಳಿಗೆ ಸುದ್ದಿ ಮುಟ್ಟದಾಗ

2020ರ ಮೇ 20, ಲಾಕ್‌ಡೌನ್ ದಿನಗಳು. ಮಧ್ಯಾಹ್ನ ಬೆಂಗಳೂರಲ್ಲಿ ಢಂ ಅಂತ ಭಾರೀ ಸದ್ದು. ಕಿಟಕಿ ಗಾಜು ನಡುಗಿದವು. ಕೆಲವರು ಭೂಕಂಪ ಅಂದ್ರು, ಕೆಲವರು ಸ್ಫೋಟ ಅಂದ್ರು. ಫಾರ್ವರ್ಡ್ ಮೆಸೇಜುಗಳು ನಮ್ಮ ಗಬ್ಬೂರಿನ ಫೋನುಗಳಿಗೂ ಬಂದವು. ಮಕ್ಕಳು ಬೆಂಗಳೂರಲ್ಲಿರೋ ಮನೆಯವರ ಗಾಬರಿ ಕೇಳಬ್ಯಾಡ್ರಿ.

ಆಮೇಲೆ ರಕ್ಷಣಾ ಇಲಾಖೆ ವಿವರ ಕೊಟ್ಟಿತು. ವಾಯುಪಡೆಯ ಪರೀಕ್ಷಾ ವಿಮಾನವೊಂದು ನಗರದ ಹೊರಗೆ, 36,000ರಿಂದ 40,000 ಅಡಿ ಎತ್ತರದಲ್ಲಿ, ಶಬ್ದಕ್ಕಿಂತ ಜೋರಾಗಿ ಹಾರಿ ವೇಗ ಇಳಿಸುವಾಗ ಬಂದ ಸದ್ದು ಅದು. ಇಂಥ ಸದ್ದು 65-80 ಕಿಲೋಮೀಟರ್ ದೂರಕ್ಕೂ ಕೇಳಬಹುದು ಅಂತಲೂ ಹೇಳಿತು.

ಅಷ್ಟು ದೂರದ ವಿಮಾನ ನಮ್ಮ ಕಿಟಕಿ ನಡುಗಿಸೋದು ಹೆಂಗೆ?

ವಿಮಾನ ಮುಂದೆ ಬರುವಾಗ ಗಾಳಿಯನ್ನು ತಳ್ಳುತ್ತೆ. ಆ ತಳ್ಳಾಟದ ಸುದ್ದಿ ಶಬ್ದದ ವೇಗದಲ್ಲಿ ಮುಂದಕ್ಕೆ ಹೋಗುತ್ತೆ. ನಮ್ಮ ರಾಯಚೂರಿನ 40 ಡಿಗ್ರಿ ಬಿಸಿಲಲ್ಲಿ ಸೆಕೆಂಡಿಗೆ ಸುಮಾರು 355 ಮೀಟರ್. ಮುಂದಿನ ಗಾಳಿ ಮೊದಲೇ ಸರಿದು ದಾರಿ ಬಿಡುತ್ತೆ. ವಿಮಾನವೇ ಸುದ್ದಿಗಿಂತ ಮುಂದೆ ಓಡಿದರೆ? ಗಾಳಿಗೆ ಸರಿಯೋಕೆ ಸಮಯವೇ ಇಲ್ಲ. ಒಮ್ಮೆಲೇ ಒತ್ತಡ ಏರುತ್ತೆ. ಇದೇ ಆಘಾತ ತರಂಗ, ಶಾಕ್ ವೇವ್. ಶಬ್ದದ ವೇಗ ದಾಟುವ ಕ್ಷಣಕ್ಕೆ ಮಾತ್ರ ಢಂ ಅನ್ನುತ್ತೆ ಅಂತ ಬಹಳ ಜನ ತಿಳಿದಿದ್ದಾರೆ. ಹಂಗಲ್ಲ. ಆ ವೇಗದಲ್ಲಿ ಇರೋವರೆಗೂ ತರಂಗ ವಿಮಾನದ ಹಿಂದೆ ಸೆರಗಿನಂತೆ ಎಳೆದುಕೊಂಡು ಬರುತ್ತೆ. ಅದು ನಮ್ಮನ್ನು ದಾಟಿದಾಗ ನಮಗೆ ಕೇಳುತ್ತೆ, ಅಷ್ಟೆ.

ನಮ್ಮ ದೇವದುರ್ಗ ಕಡೆಯವರಿಗೆ ಇದನ್ನು ನೋಡೋಕೆ ವಿಮಾನ ಬೇಕಿಲ್ಲ. ನಾರಾಯಣಪುರ ಬಲದಂಡೆ ಕಾಲುವೆಯಂಥ ಕಡೆ ಗೇಟು ಸ್ವಲ್ಪ ಎತ್ತಿದಾಗ ಗಮನಿಸ್ರಿ. ಕೆಳಗಿಂದ ನೀರು ತೆಳ್ಳಗೆ, ನುಣ್ಣಗೆ ಚಿಮ್ಮಿಕೊಂಡು ಓಡುತ್ತೆ. ಸ್ವಲ್ಪ ದೂರ ಹೋಗಿ ಒಮ್ಮೆಲೇ ಎದ್ದು, ನೊರೆಗಟ್ಟಿ, ನಿಧಾನ ಆಗುತ್ತೆ. ತೆಳ್ಳಗಿನ ಆ ಓಟದಲ್ಲಿ ನೀರು ತನ್ನ ಅಲೆಗಿಂತ ವೇಗವಾಗಿರುತ್ತೆ. ಅಲ್ಲಿ ಎದ್ದ ಅಲೆ ಗೇಟಿನ ಕಡೆ ವಾಪಸ್ ಹೋಗಲಾರದು. ನೊರೆ ಏಳುವ ಜಾಗ ಶಾಕ್ ವೇವ್‌ನ ಅಣ್ಣತಮ್ಮ ಇದ್ದಂಗ. ಎರಡರ ಲೆಕ್ಕವೂ ಹತ್ತಿರ ಹತ್ತಿರ ಒಂದೇ.

ಕಾಲುವೆ ಎಂಜಿನಿಯರುಗಳು ಈ ಜಿಗಿತವನ್ನು ತಡೆಯೋದಿಲ್ಲ. ಕಾಂಕ್ರೀಟ್ ಹಾಸಿದ ಜಾಗದಲ್ಲೇ ಏಳುವಂತೆ ಮಾಡ್ತಾರೆ, ಇಲ್ಲಾಂದ್ರೆ ಕಾಲುವೆ ತಳ ಕೊರೆದು ಹೋಗುತ್ತೆ. ವಿಮಾನದವರ ಕೆಲಸವೂ ಇದೇ. ಮಿಗ್-21ರ ಮೂಗಿನ ನಡುವೆ ಒಂದು ಶಂಕು ಇತ್ತಲ್ಲ, ಅದು ಚೂಪಿನ ಶೋಕಿಗೆ ಇಟ್ಟದ್ದಲ್ಲ. ಜೆಟ್ ಎಂಜಿನ್ನಿಗೆ ಗಾಳಿ ಶಬ್ದಕ್ಕಿಂತ ನಿಧಾನವಾಗಿ ಸಿಗಬೇಕು. ಒಂದೇ ಜೋರಾದ ಆಘಾತದಲ್ಲಿ ನಿಲ್ಲಿಸಿದರೆ ಒತ್ತಡ ಬಹಳ ನಷ್ಟ. ಶಂಕು ಮೊದಲು ಓರೆಯಾದ, ಮೆತ್ತಗಿನ ಆಘಾತ ಎಬ್ಬಿಸುತ್ತೆ. ಉಳಿದದ್ದನ್ನು ಇನ್ನೊಂದು ಮುಗಿಸುತ್ತೆ. ವೇಗ ಬದಲಾದಂತೆ ಶಂಕು ಹಿಂದೆ ಮುಂದೆ ಸರಿಯುತ್ತಿತ್ತು.

ಇದನ್ನೆಲ್ಲ ನೆಲದ ಮೇಲೆ ಪರೀಕ್ಷಿಸೋಕೆ ಗಾಳಿ ಸುರಂಗ ಬೇಕು. ದೇಶದ ಮೊದಲ ಸೂಪರ್‌ಸಾನಿಕ್ ಸುರಂಗ ಕಟ್ಟಿದ ಹೆಸರು, ಮುಂದೆ ಇಸ್ರೋ ನಡೆಸಿದ ಸತೀಶ್ ಧವನ್ ಅವರದು. ಜಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಪೈಪಿನ ಬಾಯಿ ಬೆರಳಿಂದ ಒತ್ತಿದರೆ ನೀರು ಜೋರಾಗೋದು ನಮಗೆ ಗೊತ್ತು. ಶಬ್ದದ ವೇಗ ದಾಟಿದ ಗಾಳಿ ಮಾತ್ರ ಉಲ್ಟಾ: ದಾರಿ ಅಗಲ ಆದಷ್ಟೂ ವೇಗ ಏರುತ್ತೆ, ಯಾಕಂದ್ರೆ ಗಾಳಿ ಅಷ್ಟು ಬೇಗ ತೆಳುವಾಗಿ ಹಿಗ್ಗುತ್ತೆ. ಅದಕ್ಕೇ ಸುರಂಗದ ದಾರಿ ಮೊದಲು ಕಿರಿದು, ಆಮೇಲೆ ಅಗಲ. 1951ರಲ್ಲಿ ಧವನ್ ಮತ್ತು ಅನಾಟೊಲ್ ರೋಷ್ಕೊ ಪ್ರಕಟಿಸಿದ ಲೇಖನ, ಬೇಕಾದಂತೆ ಬಾಗಿಸಬಹುದಾದ ಇಂಥ ದಾರಿಯ ಬಗ್ಗೆಯೇ ಇತ್ತು. 1967ರಿಂದ ಬೆಂಗಳೂರಿನ ಎನ್‌ಎಎಲ್‌ನಲ್ಲಿ 1.2 ಮೀಟರ್ ಸುರಂಗ ಇದೆ. ಟ್ಯಾಂಕುಗಳಲ್ಲಿ ಗಾಳಿ ತುಂಬಿಟ್ಟು ಬಿಟ್ಟರೆ ಶಬ್ದದ ನಾಲ್ಕು ಪಟ್ಟು ವೇಗದವರೆಗೆ ಪರೀಕ್ಷೆ ಮಾಡಬಹುದು.

ನನಗೆ ಇದರಲ್ಲಿ ಹಿಡಿಸಿದ್ದು ಒಂದೇ ಮಾತು. ಈ ಹರಿವನ್ನು ಬಲದಿಂದ ಅದುಮೋಕೆ ಆಗೋದಿಲ್ಲ. ಆಘಾತ ಬರೋದು ಖಾತ್ರಿ. ಎಲ್ಲಿ, ಎಷ್ಟು ಮೆತ್ತಗೆ ಬರಬೇಕು ಅನ್ನೋದಷ್ಟೇ ನಮ್ಮ ಕೈಲಿ.

ಮುಂದಿನ ಸಲ ಕಾಲುವೆಗೆ ನೀರು ಬಿಟ್ಟಾಗ ಮಕ್ಕಳನ್ನು ಕರಕೊಂಡು ಹೋಗ್ರಿ. ಇಳಿಯಬ್ಯಾಡ್ರಿ, ಸೇತುವೆ ಮೇಲಿಂದಲೇ ಗೇಟಿನ ಕೆಳಗಿನ ನುಣ್ಣನೆ ನೀರಿಗೆ ಒಂದು ಹರಳು ಒಗೀರಿ. ಒಂದು ಅಲೆಯಾದರೂ ಗೇಟಿನ ಕಡೆ ತಿರುಗಿ ಬರುತ್ತಾ ಅಂತ ಅವರೇ ನೋಡಿ ಹೇಳಲಿ.