ಓದದ ಪುಸ್ತಕದ ಮೇಲೆ ಮುನಾಝರಾ

ಬೈಬಲ್ ತಿದ್ದಿದ ಗ್ರಂಥ ಎಂದು ನಮ್ಮಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಯಾರು ತಿದ್ದಿದರು, ಯಾವಾಗ, ಯಾವ ಸಾಲನ್ನು ಎಂದು ಮುಂದಿನ ಪ್ರಶ್ನೆ ಹಾಕಿದರೆ ಮಾತು ನಿಂತುಹೋಗುತ್ತದೆ.

ಇಳಕಲ್ಲಿನಲ್ಲಿ ಒಂದು ರಾತ್ರಿ ಇಷಾ ನಮಾಜಿನ ನಂತರ ಗೆಳೆಯರೊಬ್ಬರ ಮನೆಯಲ್ಲಿ ಕುಳಿತಿದ್ದೆವು. ಮೊಬೈಲಿನಲ್ಲಿ ಯಾರೋ ಭಾಷಣಕಾರರು ಬೈಬಲಿನ ಅಧ್ಯಾಯ, ವಚನಗಳ ಸಂಖ್ಯೆಗಳನ್ನು ಪಟಪಟನೆ ಒಪ್ಪಿಸುತ್ತಿದ್ದರು. ಸಭೆ ತಕ್ಬೀರ್ ಕೂಗುತ್ತಿತ್ತು. ಕೋಣೆಯಲ್ಲಿದ್ದ ಎಂಟು ಜನರಲ್ಲಿ ಇಬ್ಬರು ಮೌಲವಿಗಳು, ಒಬ್ಬರು ಕಾಲೇಜಿನ ಉಪನ್ಯಾಸಕರು. ಈ ಪುಸ್ತಕವನ್ನು ಒಮ್ಮೆಯಾದರೂ ಬಿಡಿಸಿ ನೋಡಿದವರು ಯಾರು ಎಂದು ಕೇಳಿದೆವು. ಒಬ್ಬರೂ ಇಲ್ಲ. ಉರ್ದು, ಕನ್ನಡ ಎರಡೂ ಶಾಲೆಗಳ ಮೆಟ್ಟಿಲು ಹತ್ತಿ, ನಾಲ್ಕು ಕತೆ ಬರೆದು, ನಲವತ್ತು ದಾಟಿದ ನಾವೂ ನೋಡಿರಲಿಲ್ಲ. ನಾವು ಓದಿದ್ದೆಲ್ಲ ಮುನಾಝರಾ, ಅಂದರೆ ಪರಧರ್ಮದವರೊಡನೆ ನಡೆದ ವಾಗ್ವಾದದ, ಉರ್ದು ಪುಸ್ತಿಕೆಗಳು. ಎದುರಾಳಿಯ ಮಾತನ್ನು ಎದುರಾಳಿಯ ಬಾಯಿಂದ ಕೇಳಿರಲೇ ಇಲ್ಲ.

ಆ ಪುಸ್ತಕವೇನು ಸಮುದ್ರದಾಚೆಯದೇ? ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಬಂದಿತ್ತು. ಬಾಗಲಕೋಟೆ, ಬಾದಾಮಿಗಳ ನಡುವಿನ ಗುಳೇದಗುಡ್ಡ ಎಂದರೆ ನಮಗೆ ಖಣ ಮಾತ್ರ ನೆನಪು. ಅಲ್ಲಿ 1851ರಲ್ಲೇ ಬಾಸೆಲ್ ಮಿಶನ್ ನೆಲೆಯೂರಿತು. ನೇಕಾರರ ಓಣಿಗಳಲ್ಲಿ ಆ ಪುಸ್ತಕ ಓದುವ ದನಿ ಕೇಳತೊಡಗಿ ನೂರೆಪ್ಪತ್ತು ವರ್ಷ ದಾಟಿತು. ಇನ್ನೊಂದು ಮಾತು. ನಾವು ಕನ್ನಡದಲ್ಲಿ ಸಲೀಸಾಗಿ 'ಪ್ರವಾದಿ ಮುಹಮ್ಮದರು' ಎನ್ನುತ್ತೇವಲ್ಲ, ಆ 'ಪ್ರವಾದಿ' ಎಂಬ ಪದ ನಮ್ಮ ಲೇಖನಗಳಿಗಿಂತ ಬಹಳ ಮೊದಲೇ ಕನ್ನಡ ಬೈಬಲಿನ ಪುಟಗಳಲ್ಲಿತ್ತು. ನೆರೆಮನೆಯ ಪಾತ್ರೆಯಲ್ಲಿ ನಿತ್ಯ ಉಣ್ಣುತ್ತಾ ಆ ಮನೆಯ ಅಡುಗೆ ಹಳಸಿದೆ ಎನ್ನುತ್ತಿದ್ದೇವೆ.

ಮುನಾಝರಾ ನಮ್ಮ ಹಿರಿಯರ ಪರಂಪರೆಯಲ್ಲವೇ ಎಂದು ಕೇಳುವವರಿದ್ದಾರೆ. ಹೌದು. ಆ ಪರಂಪರೆಯ ದೊಡ್ಡ ಹೆಸರು ಮೌಲಾನಾ ರಹಮತುಲ್ಲಾ ಕೈರಾನವಿ. 1854ರ ಏಪ್ರಿಲ್‌ನಲ್ಲಿ ಆಗ್ರಾದಲ್ಲಿ ಎರಡು ದಿನ ಅವರು ಪಾದ್ರಿ ಫಾಂಡರ್ ಎದುರು ವಾದಕ್ಕೆ ಕುಳಿತರು. ಈ ಫಾಂಡರ್ ಬಾಸೆಲ್‌ನಲ್ಲೇ ತರಬೇತಾದವರು, ಎಂದರೆ ಗುಳೇದಗುಡ್ಡಕ್ಕೆ ಬಂದವರ ಗುರುಮನೆಯವರೇ. ಬೈಬಲಿನ ಪ್ರತಿಗಳಲ್ಲಿ ಲಿಪಿಕಾರರ ಕೈತಪ್ಪಿನಿಂದಾದ ಪಾಠಭೇದಗಳಿವೆ ಎಂದು ಅವರು ಆ ಸಭೆಯಲ್ಲಿ ಒಪ್ಪಬೇಕಾಯಿತು. ಮೌಲಾನಾರ ಬಲ ಎಲ್ಲಿತ್ತು? ಕೂಗಿನಲ್ಲಲ್ಲ. ಅವರ ಪಕ್ಕದಲ್ಲಿದ್ದ ಆಗ್ರಾದ ವೈದ್ಯ ವಜೀರ್ ಖಾನ್ ಇಂಗ್ಲಿಷ್ ಬಲ್ಲವರು. ಯುರೋಪಿನ ಕ್ರೈಸ್ತ ವಿದ್ವಾಂಸರೇ ಬರೆದ ಬೈಬಲ್ ವಿಮರ್ಶೆಯ ಪುಸ್ತಕಗಳನ್ನು ಕೂಡಿಸಿಟ್ಟುಕೊಂಡವರು. ಪಾದ್ರಿ ಓದಿರದ ಪಾದ್ರಿಗಳ ಪುಸ್ತಕವನ್ನು ಇವರು ಓದಿದ್ದರು. ಇಂದಿನ ವೇದಿಕೆಯವರು ಆ ಹಿರಿಯರಿಂದ ಗೆಲುವಿನ ಗತ್ತನ್ನು ಎರವಲು ತಂದಿದ್ದಾರೆ, ಓದನ್ನು ಅಲ್ಲೇ ಬಿಟ್ಟುಬಂದಿದ್ದಾರೆ.

'ತಹರೀಫ್', ಗ್ರಂಥವನ್ನು ಮಾರ್ಪಡಿಸಿದರೆಂಬ ಆರೋಪ, ಬರೀ ನಂಬಿಕೆಯ ಮಾತಾಗಿ ಉಳಿಯುವುದಿಲ್ಲ. ಅದಕ್ಕೆ ಸಾಕ್ಷ್ಯ ಬೇಕು. ಇದು ಹುನಗುಂದದ ಕಡೆಯವರಿಗೆ ತಿಳಿಯದ ಸಂಗತಿಯೇ? ಕೂಡಲಸಂಗಮದ ಮಾತೆ ಮಹಾದೇವಿಯವರು 'ವಚನ ದೀಪ್ತಿ'ಯಲ್ಲಿ ಬಸವಣ್ಣನ ಅಂಕಿತವನ್ನು 'ಲಿಂಗದೇವ' ಎಂದು ಬದಲಿಸಿದಾಗ ಎದ್ದ ಗದ್ದಲ ನೆನಪಿದೆಯಲ್ಲ. ಸರಕಾರ 1998ರಲ್ಲಿ ಆ ಪುಸ್ತಕವನ್ನು ನಿಷೇಧಿಸಿತು, 2017ರಲ್ಲಿ ಸುಪ್ರೀಂ ಕೋರ್ಟು ನಿಷೇಧವನ್ನು ಎತ್ತಿಹಿಡಿಯಿತು. ನಿಷೇಧ ಸರಿಯೇ ತಪ್ಪೇ ಎಂಬುದು ಬೇರೆ ಚರ್ಚೆ. ಬದಲಾವಣೆಯಾಗಿದೆ ಎಂದು ಜನ ಹೇಳಿದ್ದು ಹೇಗೆ? ಹಳಕಟ್ಟಿಯವರಂಥವರು ತಾಡೋಲೆ ಹುಡುಕಿ ಅಚ್ಚು ಹಾಕಿಸಿದ ಪಾಠ ಕಣ್ಣೆದುರಿಗಿತ್ತು. ಅದೇ ಅಳತೆಗೋಲು ಬೈಬಲಿಗೂ ಬೇಕಲ್ಲವೇ?

ಆ ಅಳತೆ ಹಿಡಿದರೆ ಸಿಗುವುದು ನಮಗೂ ಪೂರ್ತಿ ಹಿತವಲ್ಲ, ಅವರಿಗೂ ಅಲ್ಲ. 1947ರಿಂದ ಮೃತ ಸಮುದ್ರದ ಪಕ್ಕದ ಗವಿಗಳಲ್ಲಿ ಸಿಕ್ಕ ಸುರುಳಿಗಳಲ್ಲಿ ಪ್ರವಾದಿ ಯೆಶಾಯನ ಗ್ರಂಥವೂ ಇದೆ. ಅದು ಅಲ್ಲಿಯವರೆಗೆ ಗೊತ್ತಿದ್ದ ಹೀಬ್ರೂ ಪ್ರತಿಗಳಿಗಿಂತ ಸುಮಾರು ಸಾವಿರ ವರ್ಷ ಹಳೆಯದು. ಸಣ್ಣಪುಟ್ಟ ಭೇದಗಳು ಬಹಳ, ಆದರೆ ಗ್ರಂಥ ಅದೇ. ರಾತ್ರೋರಾತ್ರಿ ಯಾರೋ ಕುಳಿತು ಎಲ್ಲವನ್ನೂ ತಿದ್ದಿದರು ಎಂಬ ನಮ್ಮ ಓಣಿಯ ಕತೆ ಇದರೆದುರು ನಿಲ್ಲುವುದಿಲ್ಲ. ಇತ್ತ, ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳು ಅತಿ ಹಳೆಯ ಎರಡು ಪೂರ್ಣ ಗ್ರೀಕ್ ಪ್ರತಿಗಳಲ್ಲಿಲ್ಲ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಯೇಸು ಬಿಡಿಸುವ ಆ ಅಪೂರ್ವ ಪ್ರಸಂಗ ಯೋಹಾನನ ಹಳೆಯ ಪ್ರತಿಗಳಲ್ಲಿಲ್ಲ. ಇದನ್ನು ಹುಡುಕಿದವರು, ಅಡಿಟಿಪ್ಪಣಿ ಹಾಕಿದವರು ಕ್ರೈಸ್ತ ವಿದ್ವಾಂಸರೇ. ತಮ್ಮ ಗ್ರಂಥದ ಮೇಲೆ ತಾವೇ ಭೂತಕನ್ನಡಿ ಹಿಡಿದ ಆ ಧೈರ್ಯವನ್ನು ನಾವು ಲೇವಡಿಯ ಸರಕು ಮಾಡಿಕೊಂಡಿದ್ದೇವೆ!

ಸರ್ ಸಯ್ಯದ್ ಅಹ್ಮದ್ ಖಾನರು ಹಾಗೆ ಮಾಡಲಿಲ್ಲ. ಬೈಬಲಿಗೆ ಉರ್ದುವಿನಲ್ಲಿ ವ್ಯಾಖ್ಯಾನ ಬರೆಯಲು ಕುಳಿತರು. 'ತಬಯೀನುಲ್ ಕಲಾಂ'ನ ಮೊದಲ ಭಾಗ 1862ರಲ್ಲಿ ಗಾಝಿಪುರದಲ್ಲಿ ಅಚ್ಚಾಯಿತು. ಕುರ್‌ಆನ್ ಹೇಳುವ ತಹರೀಫ್ ಮುಖ್ಯವಾಗಿ ಅರ್ಥವನ್ನು ತಿರುಚುವುದು, ಅಕ್ಷರವನ್ನು ಅಳಿಸುವುದಲ್ಲ ಎಂದು ವಾದಿಸಿದರು. ಅವರಿಗಿಂತ ನಾಲ್ಕು ನೂರು ವರ್ಷ ಹಿಂದೆ ಕೈರೋದ ಅಲ್‌ಬಿಕಾಯಿ ತಮ್ಮ ಕುರ್‌ಆನ್ ವ್ಯಾಖ್ಯಾನದಲ್ಲಿ ತೌರಾತ್, ಇಂಜೀಲ್‌ಗಳನ್ನು ಧಾರಾಳವಾಗಿ ಉದ್ಧರಿಸಿದರು. ವಿರೋಧ ಬಂದಾಗ ಅದನ್ನು ಸಮರ್ಥಿಸಿ ಇನ್ನೊಂದು ಗ್ರಂಥವನ್ನೇ ಬರೆದರು. ನಮ್ಮ ಭಾಗದ ಎಷ್ಟು ಮದರಸಾಗಳಲ್ಲಿ ಈ ಹೆಸರು ಕೇಳಿಬಂದೀತು?

ಇಲ್ಲಿ ಒಂದು ಆಕ್ಷೇಪ ಬಂದೇ ಬರುತ್ತದೆ. ಹಜರತ್ ಉಮರ್ ತೌರಾತಿನ ಹಾಳೆ ತಂದಾಗ ಪ್ರವಾದಿಯವರು ಸಿಟ್ಟಾದರಲ್ಲ ಎಂದು. ಆ ಹದೀಸ್ ನಮಗೂ ಗೊತ್ತು. ಬನೀ ಇಸ್ರಾಯೀಲರಿಂದ ಕೇಳಿದ್ದನ್ನು ಹೇಳಲು ಅಡ್ಡಿಯಿಲ್ಲ ಎಂಬ ಬುಖಾರಿಯ ಹದೀಸ್ ಆಕ್ಷೇಪಿಸುವವರಿಗೆ ಗೊತ್ತಿಲ್ಲವೇ? ಸಂದೇಹವಿದ್ದರೆ ಹಿಂದಿನ ಗ್ರಂಥ ಓದುವವರನ್ನು ಕೇಳೆನ್ನುವ ಯೂನುಸ್ ಅಧ್ಯಾಯದ 94ನೇ ವಚನ? ನಜ್ರಾನಿನ ಕ್ರೈಸ್ತರು ಮದೀನಾದ ಮಸೀದಿಯಲ್ಲೇ ಪ್ರಾರ್ಥನೆ ಮಾಡಿದರೆಂದು ಸೀರತ್ ಗ್ರಂಥಗಳಲ್ಲಿದೆ. ಅವರ ಪ್ರಾರ್ಥನೆಗೆ ಅಲ್ಲಿ ಜಾಗವಿತ್ತು, ನಮ್ಮ ಕಪಾಟಿನಲ್ಲಿ ಅವರ ಪುಸ್ತಕಕ್ಕೆ ಜಾಗವಿಲ್ಲ.

ಆ ರಾತ್ರಿಯ ನಾಚಿಕೆ ಹೊತ್ತು ನಾವು ಗುಳೇದಗುಡ್ಡದ ಬಸ್ಸು ಹತ್ತಿದೆವು. ಪರಿಚಯದ ನಿವೃತ್ತ ಮಾಸ್ತರೊಬ್ಬರು ಕಪಾಟಿನಿಂದ 'ಸತ್ಯವೇದ' ತೆಗೆದುಕೊಟ್ಟರು. "ನಮ್ಮದನ್ನ ನೀವು ಓದಿಲ್ಲ ಅಂತ ನಾಚ್ಕೋಬ್ಯಾಡ್ರಿ ಸಾಹೇಬ್ರ, ನಿಮ್ಮದನ್ನ ನಾನೂ ಓದಿಲ್ಲ. ಯಾರೂ ಕೊಡಲಿಲ್ಲ, ನಾನೂ ಕೇಳಲಿಲ್ಲ" ಎಂದರು. ಯೂಸುಫರ ಕತೆಯಿಂದ ಶುರು ಮಾಡಿದೆವು. ಆದಿಕಾಂಡದಲ್ಲಿ ತಂದೆ ಮೆಚ್ಚಿ ಕೊಟ್ಟ ಅಂಗಿಯಿಂದಲೇ ಅಣ್ಣಂದಿರ ಹೊಟ್ಟೆಕಿಚ್ಚು ಉರಿಯುತ್ತದೆ. ಅದೇ ಅಂಗಿ ಆಡಿನ ರಕ್ತದಲ್ಲಿ ಅದ್ದಿಕೊಂಡು ತಂದೆಯ ಕಣ್ಣೆದುರು ಬರುತ್ತದೆ. ಯಜಮಾನನ ಹೆಂಡತಿಯ ಕೈಯಲ್ಲಿ ಉಳಿದ ಬಟ್ಟೆ ಯೋಸೇಫನ ವಿರುದ್ಧ ಸುಳ್ಳು ಸಾಕ್ಷಿಯಾಗುತ್ತದೆ. ಕುರ್‌ಆನಿನಲ್ಲಿ ಅಂಗಿ ಹಿಂದಿನಿಂದ ಹರಿದಿದೆ, ಹಾಗಾಗಿ ಬಟ್ಟೆಯೇ ಯೂಸುಫರ ಪರ ಸಾಕ್ಷಿ ನುಡಿಯುತ್ತದೆ. ಕೊನೆಗೆ ಅವರು ಕಳಿಸಿದ ಅಂಗಿ ತಗುಲಿ ತಂದೆಗೆ ಕಣ್ಣು ಬರುತ್ತದೆ; ಆದಿಕಾಂಡದಲ್ಲಿ ಇದಿಲ್ಲ. ಒಂದು ಬಟ್ಟೆ ಎರಡು ಮಗ್ಗಗಳಲ್ಲಿ ಎರಡು ಬಗೆಯಾಗಿ ನೇಯ್ದುಕೊಂಡಿದೆ. ಕತೆಗಾರರೆಂದು ಹೇಳಿಕೊಳ್ಳುವ ನಾವು ಇದನ್ನು ಇಷ್ಟು ದಿನ ಕಾಣದೆ ಹೋದೆವಲ್ಲ ಎಂದು ಕೈ ಕೈ ಹಿಸುಕಿಕೊಂಡೆವು.

ಕ್ರೈಸ್ತ ಬಾಂಧವರಿಗೂ ನಮ್ಮ ತಕರಾರಿದೆ. ಮೊಗ್ಲಿಂಗ್ ಬಸವ ಪುರಾಣವನ್ನು ಕಲ್ಲಚ್ಚಿನಲ್ಲಿ ತಂದರು, ಕಿಟೆಲ್ 1894ರಲ್ಲಿ ನಿಘಂಟು ಕೊಟ್ಟರು. ಲಿಂಗಾಯತರನ್ನು ಅರಿಯಲು ಪಟ್ಟ ಆ ಕಷ್ಟದಲ್ಲಿ ಕನ್ನಡದ ಮುಸಲ್ಮಾನನ ಪಾಲು ತೀರ ಕಡಿಮೆ. ಪ್ರವಾದಿಯವರನ್ನು ಹಂಗಿಸುವ ಕರಪತ್ರಗಳೂ ನಮ್ಮ ಕೈಗೆ ಬಂದಿವೆ. ಆದರೆ ಅದೇ ಪಾಳಯದಿಂದ ಕಾರ್ಕಳದ ಸ್ಟ್ಯಾನ್ಲಿ ಸಮರ್ಥ ಬಂದರು. ಮಂಗಳೂರಿನ ಬಲ್ಮಠದ ದೇವಶಾಸ್ತ್ರ ಕಾಲೇಜಿನ ಮುಖ್ಯಸ್ಥರಾಗಿದ್ದವರು, 1971ರಲ್ಲಿ ಜಿನೀವಾದಲ್ಲಿ ಜಾಗತಿಕ ಚರ್ಚುಗಳ ಮಂಡಳಿಯ ಅಂತರಧರ್ಮ ಸಂವಾದ ವಿಭಾಗದ ಮೊದಲ ನಿರ್ದೇಶಕರಾದರು. ಕರಾವಳಿಯಿಂದ ಜಿನೀವಾಕ್ಕೆ ಹೋದ ಸಂವಾದ ಬಾದಾಮಿಗೆ ಬರಲಿಲ್ಲ, ಗುಹೆಗಳ ಬುಡದಲ್ಲೇ ಮಸೀದಿಯಿರುವ ಊರಿಗೆ.

ಈಗ ಇದು ಇನ್ನೂ ಕಷ್ಟ. ರಾಜ್ಯದಲ್ಲಿ 2022ರಲ್ಲಿ ಮತಾಂತರ ಕಾಯ್ದೆ ಬಂದಿತು. ಅದೇ ವರ್ಷ ಬೆಂಗಳೂರಿನ ಶಾಲೆಯೊಂದರ ಬೈಬಲ್ ಸುದ್ದಿಯಾಯಿತು. ಇನ್ನೊಬ್ಬರ ಗ್ರಂಥ ಚೀಲದಲ್ಲಿದ್ದರೆ ಎಲ್ಲಿಗೆ ಹೊರಟಿರಿ ಎಂದು ಕೇಳುವ ಕಾಲ. ಕಪಾಟಿಗೆ ಬೀಗ ಹಾಕಬೇಕೆನ್ನುವವರು ಹೊರಗೆ ಸಾಲದೆಂದು ನಾವೂ ಒಳಗಿನಿಂದ ಚಿಲಕ ಹಾಕಿಕೊಳ್ಳಬೇಕೇ?

ನಾವು ಮಾಸ್ತರರಿಗೆ ಯೂಸುಫ್ ಅಧ್ಯಾಯದ ಕನ್ನಡ ಅನುವಾದ ಒಯ್ದುಕೊಟ್ಟೆವು. ವಾರದ ಮೇಲೆ ಫೋನ್ ಮಾಡಿ, "ಇದರಾಗ ಜುಲೇಖಾ ಎಲ್ಲ್ಯದಾಳ್ರಿ?" ಎಂದರು. ಆ ಹೆಸರು ಕುರ್‌ಆನಿನಲ್ಲೂ ಇಲ್ಲ, ಬೈಬಲಿನಲ್ಲೂ ಇಲ್ಲ. ಅದನ್ನು ಮನೆಮಾತು ಮಾಡಿದ್ದು ಫಾರಸಿ ಕವಿಗಳು. ನಮ್ಮ ಮೌಲವಿ ಗೆಳೆಯರಲ್ಲೊಬ್ಬರಿಗೆ ಇದನ್ನು ಹೇಳಿದಾಗ ಅವರು ನಂಬದೆ ಕುರ್‌ಆನ್ ತೆಗೆದು ನೋಡಿದರು, ಆಮೇಲೆ ಆ 'ಸತ್ಯವೇದ'ವನ್ನು ಒಂದು ವಾರಕ್ಕೆ ಕೇಳಿ ಪಡೆದರು. ಇನ್ನೊಂದು ಪ್ರತಿಯನ್ನು ಕೊಂಡು ನಮ್ಮ ಜಮಾತಿನ ಓದುಕೋಣೆಗೆ ಕೊಡಹೋದೆವು. ಕಮಿಟಿಯ ಮುಂದಿಡುತ್ತೇವೆ ಎಂದಿದ್ದಾರೆ. ಸಭೆ ಇನ್ನೂ ಕೂಡಿಲ್ಲ.